ಅರಿಶಿನದ ಬಟ್ಟೆ, ಸೋಪಿನ ನೀರು ಮತ್ತು ಸುಮ್ಮನಿರಲಾರದ ಅಮ್ಮಂದಿರು

3 ವರ್ಷದ ಮಗುವಿಗೆ ವಿಜ್ಞಾನದ ಕಿಟ್ಟು ಅಂತ ದುಡ್ಡು ಸುರಿದು ತರಿಸುವುದು, ಅದರ ಚೀಟಿ ಅಮ್ಮನೇ ಓದುವುದು, ಅಮ್ಮನೇ ಕಲಸುವುದು, ಅಮ್ಮನೇ ಹುಯ್ಯುವುದು, ಕೊನೆಗೆ ಅಮ್ಮನೇ ಚಪ್ಪಾಳೆ ತಟ್ಟಿ ಫೋಟೊ ಹೊಡೆಯುವುದು. ನೋಡಿ ನೋಡಿ ಸಾಕಾಗಿದೆ ನನಗೆ. ಅಷ್ಟು ಹೊತ್ತಿಗೆ ಮಗು ಆ ಕಿಟ್ಟಿನ ರಟ್ಟಿನ ಡಬ್ಬ ಎಳೆದುಕೊಂಡು ಹೋಗಿ ಅದರೊಳಗೆ ಕೂತು ಬಸ್ಸು ಬಿಡುತ್ತಿರುತ್ತದೆ. ಮಗುವಿನ ಕೈ ಒದ್ದೆಯಾಗದ ಮೇಲೆ ಅದು ಯಾವ ಸೀಮೆಯ ಪ್ರಯೋಗ?

ಮೊದಲು ಸ್ಟೀಲಿನ ಖಾಲಿ ಡಬ್ಬಗಳನ್ನು ನೆಲದ ಮೇಲೆ ಇಳಿಸಿ ಕೊಡಿ. ಒಂದರ ಮೇಲೊಂದು ಪೇರಿಸುತ್ತವೆ, ಧಡಾರ್ ಅಂತ ಬೀಳಿಸುತ್ತವೆ, ಬೀಳಲಿ. "ದೊಡ್ಡದು ಕೆಳಗಿಡು ಪುಟ್ಟಾ" ಅಂತ ಓಡಿ ಹೋಗಬೇಡಿ. ನಾಲ್ಕು ಸಲ ಬಿದ್ದ ಮೇಲೆ ತಾನೇ ಇಡುತ್ತದೆ. ಆಗ ಕೆಳಗಿನ ಡಬ್ಬಕ್ಕೆ ಒಂದಿಷ್ಟು ರಾಗಿ ತುಂಬಿ ಕೊಟ್ಟು ಗೋಪುರ ಅಲ್ಲಾಡಿಸಲು ಹೇಳಿ. ಬುಡ ಭಾರವಾದರೆ ಏನಾಗುತ್ತದೆಂದು ಕೈಗೇ ಗೊತ್ತಾಗುತ್ತದೆ. ಮುಚ್ಚಳ ಮಾತ್ರ ಗಟ್ಟಿ ಹಾಕಿ. ಬಟಾಣಿ, ಕಡಲೆಕಾಳು ತುಂಬಲೇಬೇಡಿ, ಮೂಗಿಗೆ ತುರುಕಿಕೊಂಡರೆ ಡಾಕ್ಟರ ಹತ್ತಿರ ಓಡಬೇಕಾಗುತ್ತದೆ.

ನೀರಾಟಕ್ಕೆ ಅಗಲದ ಬೇಸಿನ್ನು, ಅರ್ಧ ನೀರು ಸಾಕು. ಬಕೆಟ್ಟು ಬೇಡ, ಬಿಟ್ಟು ಏಳಲೂ ಬೇಡಿ, ಫೋನು ಬಡಿದುಕೊಂಡರೆ ಬಡಿದುಕೊಳ್ಳಲಿ. ಕಿತ್ತಳೆ ಹಣ್ಣು ತೇಲಿಸಿ, ಆಮೇಲೆ ಸಿಪ್ಪೆ ಸುಲಿದು ಬಿಡಿ. ಸುಲಿದದ್ದು ಸಾಮಾನ್ಯವಾಗಿ ಮುಳುಗುತ್ತದೆ. ಗಾಳಿ ತುಂಬಿದ ಆ ಸಿಪ್ಪೆಯೇ ಹಣ್ಣನ್ನು ಎತ್ತಿ ಹಿಡಿದಿರುತ್ತದೆ. ಹಿತ್ತಲಲ್ಲಿ ಪರಂಗಿ ಗಿಡವಿದ್ದರೆ ಎಲೆಯ ದಂಟನ್ನು ಎರಡೂ ತುದಿ ಕತ್ತರಿಸಿ, ಹಾಲೆಲ್ಲ ತೊಳೆದು (ಇಲ್ಲದಿದ್ದರೆ ಕೈ ಕೆರೆತ), ಪೈಪು ಮಾಡಿ ಕೊಡಿ. ಎತ್ತರದ ಪಾತ್ರೆಯಿಂದ ತಗ್ಗಿನ ಪಾತ್ರೆಗೆ ನೀರು ಹರಿಸುತ್ತಾ ಮಧ್ಯಾಹ್ನ ಪೂರ್ತಿ ಕಳೆಯುತ್ತವೆ.

ಈಗ ಅರಿಶಿನದ ಬಟ್ಟೆಗೆ ಬರೋಣ, ಸೋಪಿನ ನೀರು ತಾಗಿದಲ್ಲಿ ಹಳದಿ ಕೆಂಪಾಗುವ ಆಟ. ಎಲ್ಲರೂ ಕೆಡಿಸುವುದು ಇದನ್ನೇ. ತಣ್ಣೀರಿಗೆ ಅರಿಶಿನ ಉದುರಿಸಿ, ಕಾಗದಕ್ಕೆ ಬಳಿದು, "ಬಣ್ಣ ಸರಿಯಾಗಿ ಬರಲಿಲ್ಲ ಆಂಟಿ" ಅನ್ನುತ್ತೀರಿ. ಅರಿಶಿನ ತಣ್ಣೀರಿನಲ್ಲಿ ಕರಗುತ್ತದೇನ್ರಮ್ಮ? ತಳದಲ್ಲಿ ಮಣ್ಣು ಕೂತ ಹಾಗೆ ಕೂರುತ್ತದೆ.

ಹಳೇ ಬಿಳಿ ಪಂಚೆಯ ತುಂಡು ತೆಗೆದುಕೊಳ್ಳಿ. ಅಪ್ಪಟ ಹತ್ತಿಯದಾಗಿರಬೇಕು, ಪಾಲಿಸ್ಟರು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಅದರಲ್ಲಿ ಹಿಂದಿನ ಒಗೆತದ ಸೋಪು ಉಳಿದಿದ್ದರೆ ಅಲ್ಲಲ್ಲಿ ಕೆಂಪು ಮಚ್ಚೆ ಏಳುತ್ತದೆ. ಹಾಗಾಗಿ ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸಿ, ಕಡೆಯ ನೀರಿಗೆ ನಾಲ್ಕು ಹನಿ ನಿಂಬೆರಸ ಬಿಡಿ. ಅಗಲದ ಪಾತ್ರೆಯಲ್ಲಿ ಬಟ್ಟೆ ಮುಳುಗುವಷ್ಟು ನೀರಿಟ್ಟು, ಹುಳಿಗೆ ಹಾಕುವ ಚಿಟಿಕೆಯಲ್ಲ, ಧಾರಾಳವಾಗಿ ಅರಿಶಿನ ಹಾಕಿ, ಕುದಿ ಬಂದ ಮೇಲೆ ಬಟ್ಟೆ ಬಿಡಿ. ಉರಿ ಸಣ್ಣದಿರಲಿ. ಆಗಾಗ ಕೋಲಿನಿಂದ ಮಗುಚಬೇಕು, ಇಲ್ಲದಿದ್ದರೆ ಬಟ್ಟೆಯ ಮಡಿಕೆಗಳೊಳಗೆ ಬೆಳ್ಳಗೇ ಉಳಿಯುತ್ತದೆ. ಒಲೆ ಆರಿಸಿ ರಾತ್ರಿ ಅದರಲ್ಲೇ ನೆನೆಯಲಿ. ಬೆಳಿಗ್ಗೆ ಪುಡಿ ಉದುರುವುದು ನಿಲ್ಲುವವರೆಗೆ ಜಾಲಿಸಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದಿರೋ, ಹಳದಿ ಬಣ್ಣ ಹಾರಿಹೋಯಿತು. ಹಾಂ, ಮಕ್ಕಳ ಅಂಗಿಗೆ ಸಾರು ಚೆಲ್ಲಿಕೊಂಡಾಗ ಬೇಕಾಗಿರುವುದೂ ಇದೇ. ಸೋಪು ಹಚ್ಚಿದಾಗ ಕಲೆ ಕೆಂಪಗಾಯಿತೆಂದು ಹೌಹಾರಬೇಡಿ. ಒಗೆದು, ಕಲೆಯ ಭಾಗ ಮೇಲೆ ಬರುವಂತೆ ಚುರುಕು ಬಿಸಿಲಿಗೆ ಹರವಿ, ಅಷ್ಟೇ. ಅದಕ್ಕೂ ಒಂದು ದುಬಾರಿ ಬಾಟಲಿ ತರುತ್ತೀರಿ ನೀವು.

ಬಟ್ಟೆ ಒಣಗಿದ ಮೇಲೆ ಬಾರ್ ಸೋಪು, ಬಟ್ಟೆ ಒಗೆಯುವುದು, ಸ್ವಲ್ಪ ತುರಿದು ಬಿಸಿನೀರಿನಲ್ಲಿ ಕದಡಿ ಆರಿಸಿಡಿ. ಪಾತ್ರೆ ತೊಳೆಯುವ ಕೆಲವು ಜೆಲ್ಲು, ಮಕ್ಕಳ ಕೆಲವು ಮೈಸೋಪು ಇದಕ್ಕೆ ಬರುವುದಿಲ್ಲ, ಅವುಗಳಲ್ಲಿ ಕೆಂಪು ಮಾಡುವಷ್ಟು ಕ್ಷಾರ ಇರುವುದಿಲ್ಲ. ಕಡ್ಡಿ, ಬ್ರಷ್ಷು ಬೇಡ. ಮಗು ಬೆರಳು ಅದ್ದಿ ಹಳದಿ ಬಟ್ಟೆಯ ಮೇಲೆ ಗೀಚಲಿ. ಗೀಚಿದಲ್ಲೆಲ್ಲ ಕೆಂಪು ಹತ್ತುತ್ತದೆ! ಅದರ ಮೇಲೆ ನಿಂಬೆಹಣ್ಣು ಹಿಂಡಿಸಿ, ಕೆಂಪು ಹೋಗಿ ಮತ್ತೆ ಹಳದಿ. ಬೆರಳು ಬಾಯಿಗೆ, ಕಣ್ಣಿಗೆ ಹೋಗದಂತೆ ನೋಡಿಕೊಳ್ಳುವುದಷ್ಟೇ ನಿಮ್ಮ ಕೆಲಸ. ಅಂಗೈಯಚ್ಚು ಹಾಕಿಸಿ, ಸೂರ್ಯನನ್ನು ಬರೆಸಿ, ಹೆಸರು ಬರೆಸಲು ಮಾತ್ರ ಹೋಗಬೇಡಿ, ಅಲ್ಲಿಗೂ ಅಕ್ಷರಾಭ್ಯಾಸ ತರಬೇಡಿ.

ನಮ್ಮಜ್ಜಿ ಆರತಿ ತಟ್ಟೆಗೆ ಅರಿಶಿನದ ನೀರು ಹುಯ್ದು, ಚೂರು ಸುಣ್ಣ ಹಾಕಿ ಕದಡುವ ಕೆಲಸವನ್ನು ನನಗೇ ಬಿಡುತ್ತಿದ್ದರು, ಅದೂ ಸೆರಗಿನಲ್ಲಿ ನನ್ನ ಇನ್ನೊಂದು ಕೈ ಹಿಡಿದುಕೊಂಡು. ಹಳದಿ ಒಳಗಿಂದ ಕೆಂಪು ಸುಳಿಸುಳಿಯಾಗಿ ಏಳುತ್ತಿತ್ತು. ಈಗಿನ ಆರತಿಗೆ ಪ್ಯಾಕೆಟ್ಟಿನ ಕೆಂಪು. ಅಜ್ಜಿಯ ಹೆಸರು ಹೇಳಿಕೊಂಡು ನೀವು ಮಕ್ಕಳ ಕೈಗೆ ಸುಣ್ಣ ಕೊಟ್ಟೀರಿ ಮತ್ತೆ, ಕಣ್ಣಿಗೆ ಬಿದ್ದರೆ ಸುಟ್ಟುಬಿಡುತ್ತದೆ. ಸೋಪಿನ ನೀರೇ ಸಾಕು.

ಮಾರನೆಯ ದಿನ ಸಣ್ಣ ಬಟ್ಟಲುಗಳಲ್ಲಿ ಹುಣಸೆರಸ, ಮಜ್ಜಿಗೆ, ಉಪ್ಪುನೀರು, ಸಕ್ಕರೆ ನೀರು, ಅಡಿಗೆ ಸೋಡಾದ ನೀರು ಇಡಿ. ಪ್ರತಿಯೊಂದಕ್ಕೂ ಮೊದಲು "ಇದು ಕೆಂಪಾಗುತ್ತಾ?" ಅಂತ ಕೇಳಿ. ಮಗು ಹೇಳಿದ್ದು ತಪ್ಪಾದರೂ ತುಟಿ ಬಿಚ್ಚಬೇಡಿ, ಬಟ್ಟೆಯೇ ಉತ್ತರ ಹೇಳಲಿ. ಸೋಡಾ ಮಾತ್ರ ಸೋಪಿನಷ್ಟು ಗಾಢ ಕೆಂಪು ಕೊಡುವುದಿಲ್ಲ, ಮಾಸಲು ಕಿತ್ತಳೆಯಂತಾಗುತ್ತದೆ. ಆಮ್ಲ, ಕ್ಷಾರ ಅನ್ನುವ ಪಾಠ ಶಾಲೆಯಲ್ಲಿ ಹೇಗೂ ಮಾಡುತ್ತಾರೆ. ಈಗ "ಹುಳಿ ಇರೋದೆಲ್ಲ ಹಳದಿ ಮಾಡುತ್ತೆ ಅಜ್ಜಿ" ಅಂತ ಅದಾಗೇ ಬಂದು ಹೇಳಿದರೆ ಹೂಂ ಅನ್ನಿ.

ಆಟ ಮುಗಿದ ಮೇಲೆ ನಿಂಬೆನೀರಿನಲ್ಲಿ ಜಾಲಿಸಿ ನೆರಳಿಗೆ ಹಾಕಿದರೆ ಅದೇ ಬಟ್ಟೆ ಮುಂದಿನ ಸಲಕ್ಕೂ ಆಗುತ್ತದೆ. ಬಣ್ಣ ಮಾಸಿದರೆ ಮತ್ತೆ ಕುದಿಸಿ. ಕುದಿಸಿದ ಪಾತ್ರೆ ಹಳದಿ ಹತ್ತಿಕೊಂಡಿರುತ್ತದಲ್ಲ, ಅದನ್ನು ಕೆಲಸದವಳಿಗೆ ಹಾಕಬೇಡಿ. ನಾರು, ಬಾರ್ ಸೋಪು ಮಗುವಿನ ಕೈಗೇ ಕೊಟ್ಟು ಕೂರಿಸಿ, ಕೆಂಪು ನೊರೆ ಬರುತ್ತದೆ.