ಪಿಇ ಬೂಟ್ ಆಯಿತು, ಡಿಸ್ಕ್ ಮಾತ್ರ ಕಾಣಲಿಲ್ಲ: ನನ್ನ ಅನುಭವ

ತಂಗಿಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಏಳುತ್ತಿರಲಿಲ್ಲ. ವಿಂಡೋಸ್ ಪಿಇ (ದುರಸ್ತಿಗೆ ಬಳಸುವ ಪುಟ್ಟ ವಿಂಡೋಸ್) ಇದ್ದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಪಿಇ ರ‍್ಯಾಮ್‌ಗೆ ಏರಿ ಎಕ್ಸ್ ಡ್ರೈವ್‌ನಿಂದ ಓಡುವುದರಿಂದ ಒಳಗಿನ ಡಿಸ್ಕ್‌ನ ಹಂಗಿಲ್ಲ. ಆದರೆ ಡಿಸ್ಕ್‌ಗಳನ್ನು ನಿರ್ವಹಿಸುವ ಡಿಸ್ಕ್‌ಪಾರ್ಟ್ ಆಜ್ಞೆಯಲ್ಲಿ ಡಿಸ್ಕ್‌ಗಳ ಪಟ್ಟಿ ಕೇಳಿದರೆ ಪೆನ್‌ಡ್ರೈವ್ ಒಂದೇ ಕಾಣಿಸಿತು.

‘ಎಸ್‌ಎಸ್‌ಡಿ (ಒಳಗಿನ ಡಿಸ್ಕ್) ಹೋಗಿದೆ’ ಎಂದು ಅಂಗಡಿಯವರು ಹೊಸದನ್ನು ಮಾರುವುದು ಇಂಥ ಹೊತ್ತಿನಲ್ಲೇ! ಆದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಸಿಗುವ ಯಂತ್ರದ ಸೆಟಪ್) ಅದರ ಹೆಸರು ಸರಿಯಾಗಿಯೇ ಇತ್ತು. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಡಿಸ್ಕ್ (ವೇಗದ ಬಗೆಯ ಎಸ್‌ಎಸ್‌ಡಿ) ವಿಎಂಡಿ ಎಂಬ ನಿಯಂತ್ರಕದ ಹಿಂದಿರುತ್ತದೆ. ಅದರ ಡ್ರೈವರ್ ಇಲ್ಲದ ಪಿಇಗೆ ಡಿಸ್ಕ್ ಕಾಣುವುದಿಲ್ಲ. ಬಯಾಸ್‌ನಲ್ಲಿ ವಿಎಂಡಿಯನ್ನೇ ನಿಲ್ಲಿಸಿಬಿಡಿ ಎನ್ನುವವರಿದ್ದಾರೆ. ಇರುವ ವಿಂಡೋಸನ್ನು ಉಳಿಸಿಕೊಳ್ಳಬೇಕಿದ್ದರೆ ಅದು ಬೇಡ, ವಿಂಡೋಸ್ ಏಳದೆ ದೋಷದ ನೀಲಿ ಪರದೆ ಎದುರಾಗಬಹುದು.

ಬೇರೆ ಕಂಪ್ಯೂಟರಿನಲ್ಲಿ ವಿಎಂಡಿಗೆ ಬೇಕಾದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಇಳಿಸಿ, ಅದರೊಳಗಿನ ಕಡತಗಳನ್ನು ಬಿಡಿಸಿ, ಪೆನ್‌ಡ್ರೈವ್‌ಗೆ ಹಾಕಿದೆ. ಪಿಇಯಲ್ಲಿ ಡ್ರೈವರನ್ನು ಏರಿಸುವ ಡಿಆರ್‌ವಿಲೋಡ್ ಆಜ್ಞೆಗೆ ಅದರ ಐಎನ್‌ಎಫ್ ಕಡತದ ದಾರಿ ಕೊಟ್ಟ ಕೂಡಲೇ ಡಿಸ್ಕ್ ಪ್ರತ್ಯಕ್ಷವಾಯಿತು. ಮೊದಲು ಅವಳ ಫೋಟೋಗಳನ್ನು ನಕಲಿಸಿಕೊಂಡೆ. ಆಮೇಲೆ ಬೂಟ್ ಕಡತಗಳಿರುವ ಇಎಫ್‌ಐ ವಿಭಾಗಕ್ಕೆ ಎಸ್ ಎಂಬ ಡ್ರೈವ್ ಅಕ್ಷರ ಕೊಟ್ಟು, ಬಿಸಿಡಿಬೂಟ್ ಆಜ್ಞೆಯಿಂದ ಅವನ್ನು ಹೊಸದಾಗಿ ಬರೆಸಿದೆ. ವಿಂಡೋಸ್ ಎದ್ದಿತು.

ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪೀಕರಿಸಿ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇರುವ ಯಂತ್ರವಾದರೆ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಹುಡುಕಿಟ್ಟುಕೊಳ್ಳಿ.