ಮೊದಲ ಫೈಲ್ ಕೈಗೆ ಬಂದಾಗ ತೀರ್ಪನ್ನು ಕೊನೆಗೆ ಓದಿ

ಲಾ ಕಾಲೇಜಿನ ಕ್ಲಿನಿಕ್, ಅಂದರೆ ವಕೀಲರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ನಿಜವಾದ ಕೇಸುಗಳನ್ನು ನೋಡುವ ವಿಭಾಗ ಸೇರಿದ್ದೀರಿ. ‘ನಾನು ಮಾಡದ ತಪ್ಪಿಗೆ ಶಿಕ್ಷೆಯಾಗಿದೆ’ ಎನ್ನುವ ಕೈದಿಯೊಬ್ಬರ ಫೈಲ್ ನಿಮ್ಮ ಮೇಜಿಗೆ ಬಂದಿದೆ, ಸಾವಿರ ಪುಟದ್ದು. ಎಲ್ಲರೂ ಮೊದಲು ತೀರ್ಪು ತೆಗೆದು ಓದುತ್ತಾರೆ. ನೀವು ಹಾಗೆ ಮಾಡಬೇಡಿ. ತೀರ್ಪು ಅಂದರೆ ಕೊನೆ ಗೊತ್ತಿದ್ದವರು ಹೇಳಿದ ಕಥೆ. ಅದನ್ನು ಮೊದಲೇ ಓದಿಬಿಟ್ಟರೆ ಉಳಿದ ಕಾಗದವೆಲ್ಲ ಅದಕ್ಕೆ ತಾಳೆಯಾದ ಹಾಗೇ ಕಾಣುತ್ತದೆ.

ಓದಲು ಕೂರುವ ಮುಂಚೆ, ಸಾಕ್ಷ್ಯದ ವಸ್ತುಗಳನ್ನು ಇಟ್ಟಿರುವ ಉಗ್ರಾಣಕ್ಕೆ ಒಂದು ಪತ್ರ ಹೋಗಬೇಕು. ಬಟ್ಟೆ, ಕೂದಲು, ರಕ್ತದ ಮಾದರಿ ಏನೇ ಇದ್ದರೂ ನಾಶ ಮಾಡಬೇಡಿ ಅಂತ. ನೀವು ಓದಿ ಮುಗಿಸುವವರೆಗೆ ಉಗ್ರಾಣದವರು ಕಾಯುವುದಿಲ್ಲ. ಪತ್ರಕ್ಕೆ ಸಹಿ ಮೇಲ್ವಿಚಾರಕ ವಕೀಲರದ್ದೇ ಇರಲಿ.

ಈಗ ಕಾಗದಗಳನ್ನು ಬರೆದ ತಾರೀಖಿನ ಪ್ರಕಾರ ಜೋಡಿಸಿ. ಗಂಟೆ ನಮೂದಾಗಿದ್ದರೆ ಗಂಟೆಯ ಪ್ರಕಾರ. ಬೇಸರದ ಕೆಲಸ, ಆದರೆ ಅರ್ಧ ಕೇಸು ಇಲ್ಲೇ ಬಿಚ್ಚಿಕೊಳ್ಳುತ್ತದೆ. ಮೊದಲ ದಿನ ‘ಕತ್ತಲಿತ್ತು, ಮುಖ ಸರಿಯಾಗಿ ಕಾಣಲಿಲ್ಲ’ ಎಂದ ಸಾಕ್ಷಿ ಕೋರ್ಟಿನಲ್ಲಿ ‘ನೂರಕ್ಕೆ ನೂರು ಇವನೇ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ನಡುವೆ ಯಾರೋ ಫೋಟೊ ತೋರಿಸಿರುತ್ತಾರೆ, ಟಿವಿಯಲ್ಲಿ ಮುಖ ಬಂದಿರುತ್ತದೆ, ‘ಸರಿಯಾಗಿ ಗುರುತಿಸಿದಿರಿ’ ಎಂದು ಒಬ್ಬರು ಬೆನ್ನು ತಟ್ಟಿರುತ್ತಾರೆ, ಹಾಗೆ ನಂಬಿಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಕೊಲೆ ಆರೋಪ ಹೊತ್ತ ಕಿರ್ಕ್ ಬ್ಲಡ್ಸ್‌ವರ್ತ್ ಅವರನ್ನು ಗುರುತಿಸಿದ್ದು ಒಬ್ಬರಲ್ಲ, ಐವರು. 1985ರಲ್ಲಿ ಮರಣದಂಡನೆಯ ತೀರ್ಪೂ ಬಂತು. 1993ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಬಿಡುಗಡೆ.

ತಪ್ಪೊಪ್ಪಿಗೆ ಇದ್ದರೆ ‘ಮಾಡದ್ದನ್ನು ಯಾರಾದ್ರೂ ಒಪ್ಕೋತಾರಾ?’ ಅಂತ ಕೇಳಬೇಡಿ. ಒಪ್ಕೋತಾರೆ. ಕೇಳಬೇಕಾದ್ದು ಬೇರೆ: ಪೊಲೀಸರಿಗೆ ಮೊದಲೇ ಗೊತ್ತಿರದ ಒಂದಾದರೂ ವಿಷಯ ಅದರಲ್ಲಿದೆಯಾ? ಇಲ್ಲದಿದ್ದರೆ ಆ ಮಾತು ಯಾರ ಬಾಯಿಂದ ಹೊರಟಿತೋ ಯೋಚಿಸಿ. ನ್ಯೂಯಾರ್ಕಿನ 1989ರ ಸೆಂಟ್ರಲ್ ಪಾರ್ಕ್ ಅತ್ಯಾಚಾರ ಪ್ರಕರಣದಲ್ಲಿ ಹದಿಹರೆಯದ ಹುಡುಗರ ಹೇಳಿಕೆಗಳು ಒಂದಕ್ಕೊಂದು ಹೊಂದುತ್ತಲೇ ಇರಲಿಲ್ಲ, ಆದರೂ ಶಿಕ್ಷೆಯಾಯಿತು. ಡಿಎನ್‌ಎ ಬೇರೊಬ್ಬನದ್ದು ಎಂದು ಗೊತ್ತಾದ ಮೇಲೆ 2002ರಲ್ಲಿ ಅದು ರದ್ದಾಯಿತು. ಎಷ್ಟು ಗಂಟೆ ಕೂರಿಸಿದ್ದರು, ವಕೀಲರು ಇದ್ದರಾ, ಭಾಷೆ ಅರ್ಥವಾಗುತ್ತಿತ್ತಾ ಎಂಬುದನ್ನೂ ಅಂಚಿನಲ್ಲಿ ಬರೆದಿಡಿ. ತನ್ನ ವಿರುದ್ಧ ತಾನೇ ಹೇಳಿಕೆ ಕೊಡುವಂತೆ ಯಾರನ್ನೂ ಒತ್ತಾಯಿಸಬಾರದು ಎಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದದ 14ನೇ ವಿಧಿ ಹೇಳುತ್ತದೆ. ಮಾನವ ಹಕ್ಕಿನ ವಾದ ಇಂಥ ಚಿಕ್ಕ ಟಿಪ್ಪಣಿಗಳಿಂದಲೇ ಹುಟ್ಟುವುದು.

ಲ್ಯಾಬ್ ವರದಿಯ ಫಲಿತಾಂಶ ನೋಡಿ ಸುಮ್ನಾಗಬೇಡಿ. ತಜ್ಞರು ಕೋರ್ಟಿನಲ್ಲಿ ಆಡಿದ ಮಾತನ್ನು ಪಕ್ಕದಲ್ಲಿಟ್ಟು ಓದಿ, ವರದಿಗಿಂತ ಮಾತು ಜಾಸ್ತಿ ಗಟ್ಟಿ ಇರುವುದುಂಟು. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೈಗೆತ್ತಿಕೊಂಡ ಕೊಲೆ ಪ್ರಕರಣ ಒಂದರಲ್ಲಿ ಗುಂಡಿನ ಪುಡಿಯ ಕೆಲವೇ ಕಣಗಳಿಗೆ ಎಷ್ಟು ಬೆಲೆ ಕೊಡಬೇಕು ಅನ್ನುವುದೇ ಪ್ರಶ್ನೆಯಾಯಿತು, 2014ರಲ್ಲಿ ಶಿಕ್ಷೆ ರದ್ದಾಯಿತು. ವಿಜ್ಞಾನ ಬದಲಾಗುತ್ತದೆ, ಹಳೇ ತೀರ್ಪು ತಾನಾಗಿ ಬದಲಾಗಲ್ಲ ಅಲ್ವಾ?

ಫೈಲಿನಲ್ಲಿ ಇಲ್ಲದ್ದನ್ನೂ ಹುಡುಕಿ. ಪುಟದ ಸಂಖ್ಯೆ ಹಾರಿದೆಯಾ? ಹೆಸರು ಬಂದು ಹೇಳಿಕೆಯೇ ಸಿಗದ ಸಾಕ್ಷಿ ಇದ್ದಾರಾ?

ಸಾಕ್ಷಿಯನ್ನು ಕಾಣಲು ಒಬ್ಬರೇ ಹೋಗಬೇಡಿ. ನಾಳೆ ಅವರು ‘ನಾನು ಹಾಗೆ ಹೇಳಲೇ ಇಲ್ಲ’ ಎಂದರೆ ಪಕ್ಕದಲ್ಲಿ ಕೇಳಿಸಿಕೊಂಡ ಇನ್ನೊಬ್ಬರು ಬೇಕು. ಕೈದಿಗೆ ಬರೆಯುವಾಗ ‘ಬಿಡಿಸುತ್ತೇವೆ’ ಎಂಬ ಪದ ಬೇಡ. ‘ಓದುತ್ತಿದ್ದೇವೆ, ಇಂಥ ತಿಂಗಳು ಮತ್ತೆ ಬರೆಯುತ್ತೇವೆ’ ಅನ್ನಿ, ಆ ತಿಂಗಳು ಬರೆಯಿರಿ. ಏನೂ ಆಗಿಲ್ಲದಿದ್ದರೂ ಬರೆಯಿರಿ.

ನಿಮ್ಮ ಸೆಮಿಸ್ಟರ್ ಮುಗಿಯುತ್ತದೆ, ಕೇಸು ಮುಗಿಯಲ್ಲ. ಮುಂದಿನವರಿಗೆ ಬಿಟ್ಟುಹೋಗುವ ಟಿಪ್ಪಣಿಯಲ್ಲಿ ಸಿಕ್ಕಿದ್ದರ ಜೊತೆ ಹುಡುಕಿಯೂ ಸಿಗದಿದ್ದನ್ನು ಬರೆಯಿರಿ, ಇಲ್ಲದಿದ್ದರೆ ಅದೇ ಬಾಗಿಲನ್ನು ಇನ್ನೊಬ್ಬರು ಮತ್ತೆ ತಟ್ಟುತ್ತಾರೆ.

ಎಲ್ಲ ಆದ ಮೇಲೆ ಪೆನ್ಸಿಲ್ ಹಿಡಿದು ತೀರ್ಪು ತೆಗೆಯಿರಿ. ಪ್ರತಿ ವಾಕ್ಯದ ಎದುರು ಅದಕ್ಕೆ ಆಧಾರವಾದ ಪುಟದ ಸಂಖ್ಯೆ ಹಾಕುತ್ತಾ ಹೋಗಿ. ಸಂಖ್ಯೆ ಹಾಕಲು ಆಗದ ವಾಕ್ಯಗಳು ಉಳಿಯುತ್ತವೆ. ಸೋಮವಾರದ ಮೀಟಿಂಗಿಗೆ ಆ ಪಟ್ಟಿ ತೆಗೆದುಕೊಂಡು ಹೋಗಿ.