ಬಚ್ಚಲಿಗೆ ಹಿಡಿಕೆ: ಮೊದಲು ಗೋಡೆ ಬಡಿದು ನೋಡಿ

ಶಹಾಬಾದ್ ಪರಸಿಯ (ಹಾಸುಗಲ್ಲಿನ) ಮೇಲೆ ಸೋಪಿನ ನೀರು ಬಿದ್ದರೆ ಹುಡುಗರೇ ಜಾರುತ್ತಾರೆ, ಮೊಣಕಾಲು ನೋವಿನ ಹಿರಿಯರ ಪಾಡು ಕೇಳಬೇಕೆ? ಗಟ್ಟಿಯಾದ ಎರಡು ಹಿಡಿಕೆಗಳಿದ್ದರೆ ಅವರು ಯಾರನ್ನೂ ಕೂಗದೆ ಸ್ನಾನ ಮುಗಿಸಿ ಬರಬಹುದು.

304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, 32ರಿಂದ 38 ಮಿ.ಮೀ. ದಪ್ಪದ್ದು ತನ್ನಿ. ಗೋಡೆಗೂ ಸರಳಿಗೂ ನಡುವೆ ಒಂದೂವರೆ ಇಂಚು ಸಂದು ಸಾಕು; ಹೆಚ್ಚಾದರೆ ಮೊಣಕೈ ಸಿಕ್ಕಿಕೊಳ್ಳುತ್ತದೆ. ಟವೆಲ್ ರಾಡ್ ಮೈಭಾರ ತಡೆಯುವುದಿಲ್ಲ. ರಬ್ಬರ್ ಬಟ್ಟಲಿನ ಅಂಟು ಹಿಡಿಕೆಯಂತೂ ಒರಟು ಪರಸಿಗೆ ಬೇಡವೇ ಬೇಡ, ಗಾಳಿ ಹೊಕ್ಕು ಕಳಚುತ್ತದೆ.

ಅಡ್ಡ ಹಿಡಿಕೆಗೆ ನೆಲದಿಂದ 33ರಿಂದ 36 ಇಂಚು ಎತ್ತರ ರೂಢಿ. ಆದರೂ ಬಳಸುವವರನ್ನೇ ಕೂರಿಸಿ, ಏಳುವಾಗ ಕೈ ತಾನಾಗಿ ಹೋಗುವ ಕಡೆ ಸೀಮೆಸುಣ್ಣದ ಗುರುತು ಹಾಕಿ. ಲಕ್ವ ಹೊಡೆದವರಿಗೆ ಬಲವಿರುವ ಕೈಯ ಬದಿಗೇ ಇರಲಿ.

ಈಗ ಗೋಡೆ. ನಾಣ್ಯದಿಂದ ಬಡಿಯಿರಿ. ಗೋಡೆಗೆ ಹಚ್ಚಿದ ಪರಸಿ ಡಬ್ ಡಬ್ ಎಂದರೆ ಹಿಂದೆ ಟೊಳ್ಳು. ಅಲ್ಲಿ ಸ್ಕ್ರೂ ಬಿಗಿದರೆ ಕಲ್ಲು ಸೀಳುತ್ತದೆ, ಜಾಗ ಬದಲಿಸಿ. ಗಟ್ಟಿ ಸದ್ದು ಬಂದರೆ ಕಲ್ಲು ದಾಟುವವರೆಗೆ ಡ್ರಿಲ್‌ನ ಹ್ಯಾಮರ್ (ಬಡಿತ) ಬಂದ್ ಮಾಡಿ ನಿಧಾನವಾಗಿ ಕೊರೆಯಿರಿ, ಇಟ್ಟಿಗೆ ಸಿಕ್ಕ ಮೇಲೆ ಹ್ಯಾಮರ್ ಚಾಲೂ ಮಾಡಿ. ಪರಸಿ, ಗಿಲಾವ್ ಬಿಟ್ಟು ಇಟ್ಟಿಗೆಯೊಳಗೇ ಎರಡು ಇಂಚು ಹಿಡಿತ ಬೇಕು. ಡಬ್ಬಿಯಲ್ಲಿ ಬರುವ ಸ್ಕ್ರೂ ಇದಕ್ಕೆ ಸಾಮಾನ್ಯವಾಗಿ ಗಿಡ್ಡ.

ಬೀದರಿನ ಹಳೆಯ ಮನೆಗಳ ಕೆಂಪು ಜಂಬಿಟ್ಟಿಗೆಯ ಮಾತೇ ಬೇರೆ. ಹಿಗ್ಗಿ ಹಿಡಿಯುವ ಆಂಕರ್ ಬೋಲ್ಟ್ ಆ ಮೆದು ಕಲ್ಲನ್ನು ಒಳಗಿಂದಲೇ ಪುಡಿ ಮಾಡುತ್ತದೆ. ಅದರ ಬದಲು, ಉದ್ದಕ್ಕೂ ಸ್ಕ್ರೂ ಸುತ್ತಿರುವ ಥ್ರೆಡ್ ರಾಡ್‌ಗಿಂತ 2 ಮಿ.ಮೀ. ದೊಡ್ಡ ತೂತನ್ನು ನಾಲ್ಕು ಇಂಚು ಆಳ ಕೊರೆದು, ಧೂಳು ಊದಿ, ಬ್ರಷ್ ಆಡಿಸಿ, ಮತ್ತೆ ಊದಿ, ಕೆಮಿಕಲ್ ಆಂಕರ್ ಎಂಬ ಗಟ್ಟಿಯಾಗುವ ಅಂಟು ತುಂಬಿ, ರಾಡ್ ಕೂರಿಸಿ. ಗೌಂಡಿ ಅವಸರದಲ್ಲಿ ಬಿಡುವುದು ಈ ಊದುವ ಕೆಲಸವನ್ನೇ. ಧೂಳು ಉಳಿದರೆ ಅಂಟು ಧೂಳನ್ನಷ್ಟೇ ಹಿಡಿದು, ರಾಡ್ ಸಮೇತ ಹೊರಬರುತ್ತದೆ. ಒಂದು ದಿನ ಮುಟ್ಟಬೇಡಿ. ಆಮೇಲೆ ಮನೆಯಲ್ಲಿ ತೂಕದವರೊಬ್ಬರು ಕೆಳಕ್ಕೂ ಹೊರಕ್ಕೂ ಜಗ್ಗಿ ನೋಡಲಿ. ಕೂದಲೆಳೆಯಷ್ಟು ಅಲುಗಿದರೂ ಬಿಚ್ಚಿ ಮತ್ತೆ ಹಾಕಿ.

ಕರೆಂಟ್ ಹೋದಾಗಲೂ ಉರಿಯುವ ಇನ್ವರ್ಟರ್ ಬಲ್ಬ್ ಒಂದಿರಲಿ. ವೈರ್‌ಲೆಸ್ ಕರೆಗಂಟೆಯ ಗುಂಡಿಯನ್ನು ನೆಲದಿಂದ ಒಂದಡಿ ಎತ್ತರದಲ್ಲಿ ಅಂಟಿಸಿ, ಬಿದ್ದವರಿಗೂ ಎಟುಕಬೇಕು. ಬಚ್ಚಲು ಹಿತ್ತಲಲ್ಲಿದ್ದರೆ ಬಾಗಿಲು ಹಾಕಿಕೊಂಡೇ ಒತ್ತಿ ನೋಡಿ. ದಪ್ಪ ಕಲ್ಲಿನ ಗೋಡೆ ಸಿಗ್ನಲ್ ತಿನ್ನುತ್ತದೆ.